ಕೊಟ್ರಮ್ಮನ ದನಿಗೊಂದು ಮೌತ್ ಆರ್ಗನ್

9-1-1975, ಗುರುವಾರ. ಮಾರಿಕಣಿವೆ
ಕಟ್ಟೆಯ ನೀರಿನ ಮಟ್ಟ ನೋಡಿ, ಬುಕ್ಕಿನಲ್ಲಿ ಬರೆದು, ಎಂಟಕ್ಕೆ ಕ್ವಾರ್ಟರ್ಸಿಗೆ ಬಂದೆ. ಮುದ್ದೆ ನಾನೇ ತಿರುವಿದೆ. ಗಂಟು ಗಂಟು. ಕೊಟ್ರಮ್ಮ ಸ್ಲೇಟಿನಲ್ಲಿ ಬರೆದಳು: "ಇದನ್ನ ನುಂಗಾಕೆ ಇನ್ನೊಂದು ಆಪರೇಷನ್ ಆಗ್ಬೇಕು."
ದಾವಣಗೆರೆಯಲ್ಲಿ ಅವಳ ಗಂಟಲಿನ ಗಡ್ಡೆ ತೆಗೆಸಿಕೊಂಡು ಬಂದು ಎಂಟು ದಿನ. ಇನ್ನೂ ಒಂದು ತಿಂಗಳು ಮಾತಾಡಬಾರದಂತೆ. ಕುಚೋದ್ಯ ಮಾತ್ರ ಕಡಿಮೆಯಾಗಿಲ್ಲ, ಪುಣ್ಯಕ್ಕೆ.
ಕಷ್ಟ ನಮ್ಮ ಕೂಸಿನದು. ಹತ್ತು ತಿಂಗಳು. ಅವ್ವನ ಜೋಗುಳವಿಲ್ಲದೆ ಕಣ್ಣು ಮುಚ್ಚುವುದಿಲ್ಲ. ನಾನು ಹಾಡಿದರೆ ಇನ್ನೂ ಜೋರಾಗಿ ಅಳುತ್ತದೆ. ಹೈಸ್ಕೂಲಿನಲ್ಲಿ ಗೆಳೆಯರ ಮೌತ್ ಆರ್ಗನ್ ಇಸಿದುಕೊಂಡು ಊದುತ್ತಿದ್ದೆ... ಒಂದು ತಂದರೆ?

12-1, ಭಾನುವಾರ
ದುರ್ಗಕ್ಕೆ ಹೋಗಿ ಬಂದೆ. ಚಿತ್ರಲಿಂಗಪ್ಪನವರ ವಾದ್ಯದ ಅಂಗಡಿ. ಎರಡು ತೋರಿಸಿದರು. ಒಂದು ನಾಲ್ಕು ಬೆರಳಗಲ, ಹತ್ತೇ ತೂತು. ಇನ್ನೊಂದು ಗೇಣುದ್ದ, ಎರಡು ಸಾಲು ತೂತು, ಫಳಫಳ.
"ಏನು ನುಡಿಸ್ತೀರಿ ಹೇಳ್ರಿ, ಅದ್ರ ಮ್ಯಾಲೆ ಕೊಡ್ತೀನಿ" ಅಂದರು. ಜೋಗುಳ ಅನ್ನಲು ನಾಚಿಕೆ. ದೊಡ್ಡದೇ ಕೊಡಿ ಅಂದೆ. ಸಣ್ಣದು ಮಕ್ಕಳ ಪೀಪಿಯ ಹಾಗಿತ್ತು.

15-1
ಜೋಗುಳದ ಧಾಟಿಯೇನೋ ಬಂತು. ಆದರೆ ಕೊಟ್ರಮ್ಮ 'ಜೋ' ಅನ್ನುವಾಗ ಸ್ವರ ಮೇಲಿಂದ ಮೆಲ್ಲಗೆ ಜಾರಿ ಇಳಿಯುತ್ತದೆ. ಇದು ಜಾರುವುದೇ ಇಲ್ಲ. ಊದಿದರೂ ನೆಟ್ಟಗೆ, ಉಸಿರೆಳೆದರೂ ನೆಟ್ಟಗೆ. ಸರಿಯಾಗಿ ಆ ಜಾಗಕ್ಕೆ ಕೂಸು ಕಣ್ಣು ಬಿಡುತ್ತದೆ. ಸ್ಲೇಟು: "ಬ್ಯಾರೆ ಯಾರೋ ಅಂತ ಅದ್ಕೂ ಗೊತ್ತಾಗ್ತೈತೆ."

19-1, ಭಾನುವಾರ. ಹಿರಿಯೂರು
ಪಾಲಣ್ಣ ಸಿಕ್ಕ. ನನ್ನ ಜೊತೆ ಓದಿದವನು, ಈಗ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್. ಸ್ವರ ಜಾರದ ಕಷ್ಟ ಹೇಳಿದೆ. ನನ್ನ ಮೌತ್ ಆರ್ಗನ್ ತಿರುಗಿಸಿ ನೋಡಿ ನಕ್ಕ.
"ಲೇ ರೇವಣಸಿದ್ದ, ಇದ್ರಾಗೆ ಒಂದೊಂದು ಸ್ವರಕ್ಕೆ ಎರಡೆರಡು ರೀಡು, ಹಿತ್ತಾಳೆ ಪಟ್ಟಿ. ಎಷ್ಟು ಎಳೆದ್ರೂ ಜಾರಲ್ಲ. ನಿಂಗೆ ಹತ್ತು ತೂತಿಂದೇ ಬೇಕು. ಉಸುರು ಒಳಗೆ ಎಳ್ಕಂತ ನಾಲಿಗೆ ಹಿಂದಕ್ಕೆ ತಗೊ, ಸ್ವರ ತಾನೇ ಬಗ್ತೈತೆ."
ಅಂದರೆ ಆ ಪೀಪಿಯೇ ಬೇಕಿತ್ತು. ನನ್ನ ದೊಡ್ಡಸ್ತಿಕೆಗೆ ಬೆಂಕಿ ಬೀಳ.

23-1
ಹತ್ತು ತೂತಿನದು ತಂದೆ. "ಆವತ್ತೇ ಕೇಳಿದ್ನಲ್ರಿ" ಅಂದರು ಚಿತ್ರಲಿಂಗಪ್ಪ, ಅಷ್ಟೇ.

14-2, ಶುಕ್ರವಾರ
ಮೂರು ವಾರ ನಾಲ್ಕನೇ ತೂತಿನ ಮೇಲೆಯೇ ಕೂತಿದ್ದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಇವತ್ತು ಜಾರಿತು. ಅವಳದೇ ಹಾಗೆ. ಕೂಸು ಮಲಗಿತು. ಕೊಟ್ರಮ್ಮ ಸ್ಲೇಟು ಬದಿಗಿಟ್ಟು ನನ್ನ ಕೈ ಹಿಡಿದುಕೊಂಡಳು. ನನಗೆ ಕಣ್ಣು ತುಂಬಿತು.

20-2
ದಾವಣಗೆರೆ. ಇನ್ನು ಮಾತಾಡಬಹುದು ಅಂದರು ಡಾಕ್ಟರು. ದನಿಗೆ ಮೊದಲಿನ ಎತ್ತರ ಮಾತ್ರ ಬರುವುದಿಲ್ಲವಂತೆ, ಹೀಗಾಗುವುದುಂಟಂತೆ.
ಬಸ್ಸಿನಲ್ಲಿ "ನೀರು ಕೊಡ್ರಿ" ಅಂದಳು. ದಪ್ಪ, ಒಡಕು ದನಿ. ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ಬಾಯಿ ಬಿಡಲಿಲ್ಲ.

18-3
ಒಂದು ತಿಂಗಳಾಗುತ್ತ ಬಂತು. ಇನ್ನೂ ಸ್ಲೇಟೇ. ತಮಾಷೆಯೂ ನಿಂತಿದೆ. ಕೂಸಿಗಾದರೂ ಹಾಡೇ ಅಂದೆ. "ಹೆದ್ರಿಕಳ್ತೈತೆ" ಅಂತ ಬರೆದಳು. ಹೀಗೇ ಇದ್ದುಬಿಟ್ಟರೆ ಅನ್ನುವ ಭಯ ನನಗೆ.
ಸಂಜೆ ನಾನು ಊದುತ್ತಿದ್ದೆ. ಅಡುಗೆಮನೆಯಿಂದ ಸಣ್ಣಗೆ ಗುನುಗು. ಅವಳೇ. ನನ್ನ ಸ್ವರಕ್ಕೆ ಏರಲು ಹೋಗಿ ಅರ್ಧಕ್ಕೇ ದನಿ ಒಡೆಯಿತು, ನಿಲ್ಲಿಸಿಬಿಟ್ಟಳು. ಥೂ, ನನ್ನ ಬುದ್ಧಿಗಿಷ್ಟು. ಅವಳ ಹಳೆಯ ದನಿಯ ಎತ್ತರಕ್ಕೇ ಊದುತ್ತ ಕೂತಿದ್ದೇನೆ. ಇದರ ಮೇಲೆ ಶ್ರುತಿಯ ಗುರುತು 'ಸಿ' ಅಂತಿದೆ. ಇದಕ್ಕಿಂತ ತಗ್ಗಿನ ಶ್ರುತಿಯದೂ ಇರಬೇಕಲ್ಲ.

23-3, ಭಾನುವಾರ. ಸಂಜೆ ಆರು
ಮೂವರೂ ದುರ್ಗಕ್ಕೆ ಹೋಗಿದ್ದೆವು. ನಿನ್ನ ದನಿಗೆ ಕೂಡುವುದನ್ನು ನೀನೇ ಆರಿಸಬೇಕು ಅಂತ ಹೊರಡಿಸಿದ್ದೆ. ಚಿತ್ರಲಿಂಗಪ್ಪನವರು 'ಸಿ'ಗಿಂತ ತಗ್ಗಿನದು, 'ಎ' ಅಂತಿದ್ದದ್ದನ್ನು ಊದಿ ಕೇಳಿಸಿದರು. ನನಗೇನು ತಿಳಿಯುತ್ತದೆ, ಅವಳ ಮುಖ ನೋಡಿದೆ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.
"ಇದೇ ಕಟ್ಲೇನ್ರಿ?" ಅಂತ ಅವರು ಕಾಗದ ಎಳೆದರು.
"ಇನ್ನೂ ಕೆಳಗಿಂದು ಕೊಡ್ರಿ."
ಎಲ್ಲರೂ ತಿರುಗಿದರು. ಕೊಟ್ರಮ್ಮ ತಲೆ ತಗ್ಗಿಸಲಿಲ್ಲ. ಚಿತ್ರಲಿಂಗಪ್ಪನವರು ಕಪಾಟು ತಡಕುತ್ತಲೇ, "ನೀವೊಂದು ಸ್ವರ ಹಿಡೀರಮ್ಮ, ಕೂಡ್ಸಿ ನೋಡಾಣ" ಅಂದರು. ಹಿಡಿದಳು. ಅಷ್ಟು ಜನರ ಎದುರಿಗೆ. ಕೂಸು ಅವಳ ಹೆಗಲಿನಿಂದ ತಲೆ ಎತ್ತಿ ನೋಡಿತು, ಹೆದರಲಿಲ್ಲ, ಅವಳ ಬಾಯೊಳಗೆ ಬೆರಳು ತೂರಿಸಿತು. ಗಿರಾಕಿಗಳೂ ನಕ್ಕರು, ಅವಳೂ ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ. 'ಜಿ' ಅನ್ನುವುದು ಸರಿಹೋಯಿತು.
ಈಗ ಒಳಗಿನಿಂದ ಕರೆಯುತ್ತಿದ್ದಾಳೆ. "ಏನ್ರಿ, ಬರಿಯಾದು ಆಮ್ಯಾಕೆ. ಕೂಸು ತೂಕಡಿಸ್ತೈತೆ. ನಾನು ಮೊದ್ಲು, ನೀವು ನನ್ ಹಿಂದೆ ಬರ್ರಿ."
ಶುರು ಮಾಡಿಯೇ ಬಿಟ್ಟಳು. ನಾನಿನ್ನೂ—