ಮಂಜಿಯ ಬಿರುಕು

ಬೋಳಾರ, ೧೯೮೪

ನೂರ್,

ಇವತ್ತು ಮಧ್ಯಾಹ್ನ ನಿನ್ನ ಉಮ್ಮ ನಮ್ಮ ಮನೆಗೆ ಬಂದಿದ್ದರು. ಸರಕು ಹೊತ್ತ ನಿನ್ನ ಮಂಜಿ ನಿನ್ನೊಂದಿಗೆ ಕಡಲಲ್ಲಿ ಮುಳುಗಿ ಐದು ವರ್ಷವಾದ ಮೇಲೆ ಇದೇ ಮೊದಲು. ನಾನು ಅದರ ಮಾದರಿ ಮಾಡುತ್ತಿದ್ದೇನೆಂದು ಯಾರೋ ಹೇಳಿದ್ದರಂತೆ.

ನನ್ನ ಹುಚ್ಚು ನಿನಗೆ ಗೊತ್ತಲ್ಲ. ಈಗಲೂ ಗಲ್ಫಿನಿಂದ ಬರುವವರ ಕೈಯಲ್ಲಿ ಪುಟ್ಟ ಹಡಗು ಜೋಡಿಸುವ ಕಿಟ್ ತರಿಸುತ್ತೇನೆ. ಕಪಾಟು ತುಂಬಿ ಮಂಚದಡಿಗೂ ಪೆಟ್ಟಿಗೆಗಳು ಬಂದಿವೆ. ಒಂಬತ್ತು ಕಿಟ್‌ಗಳನ್ನು ಕಡಿದು, ಕೆರೆದು, ಮೊಳದುದ್ದದ ನಿನ್ನ ಮಂಜಿ ಮಾಡಿದ್ದೇನೆ. ಹಗ್ಗದ ಗಂಟು, ನೀರಿನ ಪೀಪಾಯಿ, ಒಲೆಯ ಮೇಲೆ ನಿಮ್ಮ ಮಸಿ ಹಿಡಿದ ಕೆಟಲ್, ಯಾವುದನ್ನೂ ಬಿಡಲಿಲ್ಲ.

ಉಮ್ಮ ಕೆಟಲ್ ನೋಡಿ ನಕ್ಕರು. ಆಮೇಲೆ ಮಂಜಿಯನ್ನು ಎತ್ತಿ ಓರೆ ಮಾಡಿದರು. ಅವರ ಬೆರಳು ಕೆಳಗಿನ ಹಲಗೆಯ ಮೇಲೆ ನಿಂತಿತು.

“ಇದೆಂತ ಚಿತ್ತರಂಜನಾ, ಬಿರುಕಾ?”

ನಾನು ಮೇಜಿನ ಮೇಲಿದ್ದ ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆ.

“ಇದು ನೀರಿನಡಿ ಇರುವ ಜಾಗ. ನೀನು ಯಾವಾಗ ನೋಡಿದ್ದು?”

“ಹೊರಡುವ ದಿನ. ದಕ್ಕೆಯಲ್ಲಿ ನೀರು ಇಳಿದು ಕಟ್ಟಿದ ಮಂಜಿಯ ಅಡಿ ಕಾಣ್ತಿತ್ತು.”

“ನನ್ನ ಮಗನಿಗೆ ಹೇಳಿದ್ದಿಯಾ?”

“ಚಾ ತರ್ತೇನೆ” ಎಂದು ಒಳಗೆ ಹೋದೆ. ತಂದಾಗ ಅವರಿರಲಿಲ್ಲ. ಮಂಜಿ ಮೇಜಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು, ಬಿರುಕು ಮೇಲಾಗಿ.

ಬೇರೆ ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಬಿರುಕು ಅದು. ಹೇಳಿದ್ದರೆ ಮಂಜಿಯನ್ನು ದುರಸ್ತಿಗೆ ಒಂದು ತಿಂಗಳು ನಿಲ್ಲಿಸುತ್ತಿದ್ದರು. ದುಬೈಯಿಂದ ನೀನು ತರಬೇಕಾದ ಕಿಟ್ಟಿನ ಹೆಸರು ಬರೆದ ಚೀಟಿ ಆಗ ನನ್ನ ಕೈಯಲ್ಲಿತ್ತು. ಹೆಸರು ತಪ್ಪಬಾರದೆಂದು ಅದನ್ನು ನಿನ್ನಿಂದ ಎರಡು ಸಲ ಓದಿಸಿದೆ.