ಪಾತ್ರೆ ಸೋಪು, ಇಪ್ಪತ್ತಾರು ಅಡಿ ಬೋಟು

ಮಾರ್ಚ್ 3, ಬೆಳಗ್ಗೆ 7.10

ಮತ್ತೆ ಅದೇ ಬಕೆಟ್ಟು, ಅದೇ ಸ್ಪಂಜು. ಬೋಟಿನ ಎಡ ಪಕ್ಕೆ ಅರ್ಧ ಮುಗಿದಿದೆ. ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ಸೋಪು, ಅಷ್ಟೇ. ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಇಳಿದು ಗೆರೆ ಕೂರುತ್ತದೆ. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಗೋಡೆ ಒರೆಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಿಟೈರ್ ಆಗಿ ಎಂಟು ತಿಂಗಳು. ಕೈ ಏನೂ ಮರೆತಿಲ್ಲ.

ಬೋಟು ತಂಗಿಯದು. ಹಳೇ ಫೈಬರ್‌ಗ್ಲಾಸ್. ಬೋಟು ರಿಪೇರಿ ಯಾರ್ಡಿನ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕೂತಿದೆ. ಆಚೆ ದಡದ ಶಾಲೆಗೆ ಮಕ್ಕಳನ್ನು ದಾಟಿಸುವ ಕೆಲಸ ಅವಳಿಗೇ — ಬೋಟು ಪರೀಕ್ಷಿಸುವ ಸರ್ವೇಯರ್ ಪಾಸ್ ಮಾಡಿದರೆ. ಹೋದ ತಿಂಗಳು ಬಂದು ಒಂದು ಸುತ್ತು ಹಾಕಿದರು. "ಇಷ್ಟು ಪಾಚಿ, ಇಷ್ಟು ತುಕ್ಕಿನ ಕಲೆ. ಇದರಡಿ ಬಿರುಕಿದ್ರೆ ನಂಗೆ ಹೇಗೆ ಕಾಣ್ಬೇಕಮ್ಮಾ? ಮಾರ್ಚ್ ಹದಿನೆಂಟಕ್ಕೆ ಬರ್ತೀನಿ. ಅದೇ ಕೊನೇ ಸಲ" ಎಂದು ಹೋದರು.

ಯಾರ್ಡಿನ ಮೇಸ್ತ್ರಿಗೆ ಆ್ಯಸಿಡ್ ಹೊಡೆದು, ಮೇಲೆ ಪೇಂಟ್ ಬಳಿಯುವ ಆಸೆ. "ಪಾತ್ರೆ ಸೋಪಲ್ಲಿ ಬೋಟ್ ತೊಳೀತಾರಾ ಅಕ್ಕಾ? ಮುಂದೆ ಶಾಂಪೂನೂ ಹಾಕ್ತೀರಾ?" ಎಂದು ನಕ್ಕ. ತಂಗಿಯೂ ನಕ್ಕಳು. ಅದು ಚುಚ್ಚಿತು.

ಮಾರ್ಚ್ 5, ಸಂಜೆ

ಎಡ ಪಕ್ಕೆಯ ಪಾಚಿ ಹೋಯಿತು. ನೀರಿನ ಮಟ್ಟದಲ್ಲಿ ಸುಣ್ಣಗಟ್ಟಿ ಕೂತ ಬಿಳಿ ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದೆ. ನೇರವಾಗಿ ಬಳಿಯಲಿಲ್ಲ. ಮೊದಲು ಹಿಂಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಅಂಗೈಯಗಲ ಹಚ್ಚಿ, ತೊಳೆದು, ಒಣಗುವವರೆಗೆ ಕಾದೆ. ಫೈಬರ್ ಮೇಲಿನ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಅಂತಾರೆ. ತೆಳು. ಒಮ್ಮೆ ಮಂಕಾದರೆ ಮಂಕೇ.

ಮಂಕಾಗಲಿಲ್ಲ! ನೆರಳಿರುವ ಕಡೆ ಮಾತ್ರ, ಎರಡೆರಡು ಅಡಿ ಹಚ್ಚಿ, ಒಣಗುವ ಮೊದಲೇ ಸಿಹಿನೀರಲ್ಲಿ ತೊಳೆದೆ. ಪಟ್ಟಿ ಕರಗಿತು... ಒಬ್ಬಳೇ ಜೋರಾಗಿ ಶಿಳ್ಳೆ ಹಾಕಿದೆ. ಐವತ್ತೊಂಬತ್ತನೇ ವಯಸ್ಸಿಗೆ!

ಮಾರ್ಚ್ 7

ಕಬ್ಬಿಣದ ಬೋಲ್ಟುಗಳಿಂದ ಇಳಿದ ತುಕ್ಕಿನ ಕಲೆಗೆ ನಿಂಬೆರಸ. ಕಪ್ಪು ಗೀರಿಗೆ ಅಡುಗೆಸೋಡಾ, ನೀರಲ್ಲಿ ಪೇಸ್ಟ್ ಮಾಡಿ, ಮೆತ್ತನೆ ಬಟ್ಟೆಯಲ್ಲಿ. ತಂಗಿಯ ಗಂಡ ಸ್ಟೀಲ್ ಜುಂಗು ಹಿಡಿದು ಬಂದ. ಕಸಿದುಕೊಂಡು ಕಸದ ಡಬ್ಬಿಗೆ ಎಸೆದೆ. "ಸ್ಪೀಡಾಗಿ ಆಗ್ಲಿ ಅಂತ ಅತ್ತಿಗೆ..." "ಗೀರೂ ಸ್ಪೀಡಾಗೇ ಬೀಳತ್ತೆ!" ಅವಸರದ ಮನುಷ್ಯ. ಒಳ್ಳೆಯವನು. ಎರಡೂ ನಿಜ.

ಮಾರ್ಚ್ 8, ಮಧ್ಯಾಹ್ನ 3.40, ಆಸ್ಪತ್ರೆ ವರಾಂಡ

ತಂಗಿಯ ಗಂಡನನ್ನು ಡಾಕ್ಟರ್ ಒಳಗೆ ನೋಡುತ್ತಿದ್ದಾರೆ. ಕಾಯುತ್ತಾ ಬರೆಯುತ್ತಿದ್ದೇನೆ.

ನಾನು ಹೊರಗೆ ಉಜ್ಜುತ್ತಿದ್ದೆ. ಇವನು ಕ್ಯಾಬಿನ್ ಒಳಗೆ, ಬಾಗಿಲು ಮುಚ್ಚಿಕೊಂಡು. ಬಕೆಟ್‌ನಲ್ಲಿ ಕ್ಯಾಬಿನ್ ತೊಳೆಯಲು ತಾನೇ ತಂದ ಬ್ಲೀಚ್ ಇತ್ತು, ಅದಕ್ಕೆ ನನ್ನ ವಿನೆಗರ್ ಸುರಿದಿದ್ದಾನೆ. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಅನ್ನೋ ಲೆಕ್ಕ.

ವಾಸನೆ ಮೂಗಿಗೆ ಬಡಿದ ಕ್ಷಣವೇ ಗೊತ್ತಾಯಿತು. ಎರಡೂ ಸೇರಿದರೆ ಕ್ಲೋರಿನ್, ವಿಷಗಾಳಿ. ಏಣಿ ಹತ್ತಿ ಬಾಗಿಲು ಎಳೆದೆ. ಕೆಮ್ಮುತ್ತಾ ಹೊಸ್ತಿಲ ಹತ್ತಿರ ಕುಸಿದಿದ್ದ. ಉಸಿರು ಬಿಗಿಹಿಡಿದು ಶರ್ಟಿನ ಕಾಲರ್‌ಗೇ ಕೈ ಹಾಕಿ ಎಳೆದೆ. ಎಲ್ಲಿಂದ ಬಂತೋ ಆ ಬಲ! ಮೇಸ್ತ್ರಿ ಕೆಳಗಿಂದ ಹಿಡಿದುಕೊಂಡ. ಗಾಳಿ ಬರುವ ದಿಕ್ಕಿಗೆ ಓಡಿ ಎಂದು ಎಲ್ಲರಿಗೂ ಕೂಗಿದೆ. ಮೇಸ್ತ್ರಿ ಬಕೆಟ್ ತೆಗೆಯಲು ಹೊರಟ. "ಮುಟ್ಟಿದ್ರೆ ನೋಡು! ಅದು ಅಲ್ಲೇ ಇರ್ಲಿ!" ನಿಂತಲ್ಲೇ ನಿಂತ.

ಡಾಕ್ಟರ್ ಹೊರಬಂದರು. "ಶ್ವಾಸಕೋಶಕ್ಕೆ ಏನೂ ಆಗಿಲ್ಲ. ಇನ್ನೆರಡು ನಿಮಿಷ ಒಳಗಿದ್ದಿದ್ರೆ ಬೇರೆ ಮಾತು. ಎಳೆದಿದ್ದು ಯಾರು?" ತಂಗಿ ನನ್ನ ಕಡೆ ಕೈ ತೋರಿಸಿದಳು. ನನ್ನ ಹೆಗಲಿಗೆ ಹಣೆ ಆನಿಸಿ ಕೂತಿದ್ದಾಳೆ, ಈಗಲೂ.

ಮಾರ್ಚ್ 12

ಮೂರು ದಿನ ಯಾರೂ ಯಾರ್ಡಿನ ಕಡೆ ತಲೆ ಹಾಕಲಿಲ್ಲ. ತಂಗಿಗೆ ಬೋಟೇ ಬೇಡವಾಗಿತ್ತು. "ಮಾರಿಬಿಡ್ತೀನಿ ಅಕ್ಕಾ." "ಬಕೆಟ್ ತಪ್ಪು ಮಾಡಿದ್ರೆ ಬೋಟೇನು ಮಾಡ್ತು? ನಡಿ" ಎಂದೆ.

ಹೋದರೆ — ಮೇಸ್ತ್ರಿ ಆಗಲೇ ಅಲ್ಲಿ. ಗ್ಲೌಸ್ ಹಾಕಿಕೊಂಡು, ಪಾತ್ರೆ ಸೋಪಿನ ಬಾಟಲಿ ಹಿಡಿದು. "ಹೇಳಿ ಅಕ್ಕಾ, ಎಲ್ಲಿಂದ ಶುರು ಮಾಡ್ಲಿ?" ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ.

ಬಲ ಪಕ್ಕೆ ಉಜ್ಜುವಾಗ ಬೆರಳಿಗೆ ಏನೋ ತಾಗಿತು. ಕೂದಲೆಳೆಯಂಥ ಗೆರೆ, ಗೇಣುದ್ದ. ಕೊಳೆಯಲ್ಲ. ಬಿರುಕು. ಮೇಸ್ತ್ರಿ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದ. ಮುಖ ಬಿಳಿಚಿತು.

"ನಾನು ಪೇಂಟ್ ಬಳಿದಿದ್ರೆ ಇದು ಒಳಗೇ ಉಳೀತಿತ್ತು. ಮಕ್ಕಳನ್ನ ತುಂಬ್ಕೊಂಡು..." ನಾನು ಮುಗಿಸಲು ಬಿಡಲಿಲ್ಲ. "ಸರಿ ಮಾಡಕ್ಕಾಗತ್ತಾ?"

"ನಾಲ್ಕು ದಿನ ಕೊಡಿ. ಇದು ನನ್ನ ಕೆಲಸ."

ಮಾರ್ಚ್ 17

ಕೊಟ್ಟ ಮಾತು ಉಳಿಸಿಕೊಂಡ. ಬಿರುಕು ಕೆರೆದು, ಫೈಬರ್ ಹಾಸಿ, ರೆಸಿನ್ ಅಂಟು ಕುಡಿಸಿ, ಮೇಲೆ ಜೆಲ್‌ಕೋಟ್. ಬೆರಳಾಡಿಸಿದರೂ ಜಾಗ ಸಿಗುವುದಿಲ್ಲ. ಪಾತ್ರೆ ಸೋಪು ಕೊಳೆಯ ಜೊತೆ ಹಳೇ ವ್ಯಾಕ್ಸನ್ನೂ ತೆಗೆಯುತ್ತದೆ. ಹಾಗಾಗಿ ಇಂದು ನಾನು, ತಂಗಿ, ಮೇಸ್ತ್ರಿ ಮೂವರೂ ಕೂತು ಹೊಸ ವ್ಯಾಕ್ಸ್ ತಿಕ್ಕಿದೆವು. ತಂಗಿಯ ಗಂಡ ದೂರದ ಕುರ್ಚಿಯಲ್ಲಿ. ಏನನ್ನೂ ಮುಟ್ಟಬಾರದೆಂದು ಆರ್ಡರ್. ಪಾಪ, ಕೈ ಕಟ್ಟಿಕೊಂಡೇ ಕೂತಿದ್ದ.

ಮಾರ್ಚ್ 18, 11.30

ಪಾಸ್!!

ಸರ್ವೇಯರ್ ಇಂಚಿಂಚೂ ನೋಡಿದರು, ಬಗ್ಗಿ, ಮಲಗಿ, ತಟ್ಟಿ. ರಿಪೇರಿಯ ಜಾಗವನ್ನು ನಾವೇ ತೋರಿಸಿದೆವು. ಎದ್ದು ಮೊಣಕಾಲು ಕೊಡವಿ ಕೇಳಿದರು: "ಯಾವ ಕಂಪನಿಗೆ ಕೊಟ್ರಿ ಕ್ಲೀನಿಂಗು?"

ಮೇಸ್ತ್ರಿ ಎದೆ ಉಬ್ಬಿಸಿ, ತನ್ನದೇ ಸಾಧನೆ ಅನ್ನೋ ಥರ, "ನಮ್ಮ ಅಕ್ಕ ಸಾರ್. ಸೋಮವಾರದಿಂದ ನಮ್ಮ ಹುಡುಗರಿಗೆಲ್ಲ ಇವರದೇ ಕ್ಲಾಸು" ಎಂದ. ನನ್ನನ್ನು ಒಂದು ಮಾತೂ ಕೇಳದೆ! ಒಪ್ಪಿಕೊಂಡೆ. ಮೊದಲ ಪಾಠ ಯಾವುದೆಂದು ಯೋಚಿಸಬೇಕಿಲ್ಲ: ಬ್ಲೀಚ್ ಒಂದೇ ಇರಬೇಕು, ಅದರ ಜೊತೆ ಇನ್ನೇನೂ ಬೇಡ.

ಮಾರ್ಚ್ 20, ಬೆಳಗ್ಗೆ 8.05, ಬೋಟಿನಲ್ಲಿ

ನೀರಿಗಿಳಿಯಿತು. ನಿಜವಾಗಿ ತೇಲುತ್ತಿದೆ! ಬಿಳಿ ಮೈಯಲ್ಲಿ ಅಲೆಗಳ ಬೆಳಕು ಕುಣಿಯುತ್ತಿದೆ. ಹನ್ನೊಂದು ಮಕ್ಕಳು, ಇಬ್ಬರು ಟೀಚರು, ಎಲ್ಲರಿಗೂ ಲೈಫ್ ಜಾಕೆಟ್. ಒಂದು ಪುಟಾಣಿ ಅಂಚಿಗೆ ಬಗ್ಗಿ, ನೀರಿನ ಮೇಲೆ ತನ್ನ ಮುಖ ಕಂಡು ಕೈ ಬೀಸುತ್ತಿದ್ದಾಳೆ.

ತಂಗಿ ಎಂಜಿನ್ ಸ್ಟಾರ್ಟ್ ಮಾಡಿ, ತಿರುಗಿ ನನ್ನ ಕಡೆ ಕೂಗುತ್ತಿದ್ದಾಳೆ. "ಅಕ್ಕಾ, ಆ ಪುಸ್ತಕ ಮುಚ್ಚು! ಬಾ, ಸ್ಟೀರಿಂಗ್ ಹಿಡಿ, ಮೊದಲ ಟ್ರಿಪ್ ನೀನೇ—"

ನಾನಾ? ಜೀವಮಾನದಲ್ಲಿ ಸೈಕಲ್ಲೂ ಓಡಿಸಿಲ್ಲ. ಆದರೂ... ಮಕ್ಕಳೆಲ್ಲ ನೋಡ್ತಿದ್ದಾರೆ. ಪುಸ್ತಕ ಮುಚ್ಚುತ್ತೇನೆ, ಸ್ಟೀರಿಂಗ್ ಹಿಡಿಯಲು ಹೊರಟೆ.