ಬಚ್ಚಲ ನೆಲ ಒಣಗಿದ್ದ ದಿನ

ಮನೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ

ಪ್ರೀತಿಯ ಮಗಳೇ,

ಈ ತಿಂಗಳ ಒಂಬತ್ತರಂದು, ಸೋಮವಾರ ಬೆಳಿಗ್ಗೆ ಎಂಟಕ್ಕೆ, ನಿನ್ನ ಬೆಕ್ಕನ್ನು ಬಚ್ಚಲಿಗೆ ನೂಕಿ ಚಿಲಕ ಹಾಕಿದವಳು ನಾನು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮೊದಲು ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳಬೇಕಿತ್ತು. ಹಾಸ್ಟೆಲಿನವರು ಮಂಚ ಬದಲಾಯಿಸಿಕೊಟ್ಟರೇ? ಕೊಡದಿದ್ದರೆ ಬರವಣಿಗೆಯಲ್ಲಿ ಕೇಳು, ಬಾಯಿಮಾತು ನಂಬಬೇಡ.

ಮೀಸೆರಾಯ ಅದಕ್ಕೂ ಎರಡು ದಿನ ಮೊದಲಿನಿಂದ ಕಂಡಕಂಡಲ್ಲಿ ಕುಕ್ಕರಿಸುತ್ತಿದ್ದ. ತಿಣುಕಿ ತಿಣುಕಿ ಒಂದೆರಡು ಹನಿ. ಕೊನೆಗೆ ನನ್ನ ಅರ್ಜಿಗಳ ಕಡತದ ಮೇಲೂ! ಹದಿನೆಂಟು ವರ್ಷದ ಹಿಂದಿನ ಬೀದಿದೀಪದ ಅರ್ಜಿಯಿಂದ ಹಿಡಿದು ಎಲ್ಲವೂ ಅದರಲ್ಲಿವೆ, ನಿನಗೆ ಗೊತ್ತು. ನೀನು ಬಿಟ್ಟುಹೋದ ಸಿಟ್ಟನ್ನು ನನ್ನ ಮೇಲೆ ತೀರಿಸುತ್ತಿದ್ದಾನೆ ಎಂದುಕೊಂಡೆ. "ಇರು, ಬುದ್ಧಿ ಕಲಿಸ್ತೀನಿ" ಎಂದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಬಚ್ಚಲ ನೆಲ, ಅವನಿಗೆಂದು ಇಟ್ಟ ಮರಳಿನ ತಟ್ಟೆ, ಎರಡೂ ಒಣ ಒಣ. ಬುದ್ಧಿ ಬಂತು ಎಂದು ಹಿಗ್ಗಿದೆ, ಮಗಳೇ. ಊಟ ಮುಟ್ಟಿರಲಿಲ್ಲ, ಅದನ್ನೂ ಹಟ ಎಂದೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ಒಂದು ಪುಸ್ತಕ ತೆರೆದು ನೋಡಲಿಲ್ಲ.

ಮಧ್ಯಾಹ್ನ ವಾಂತಿ ಮಾಡಿಕೊಂಡು ಬಿದ್ದಾಗ ಎತ್ತಿಕೊಂಡು ಓಡಿದೆ. ಪಶುವೈದ್ಯೆ ಹೊಟ್ಟೆ ಮುಟ್ಟಿದವರೇ, "ಅಮ್ಮಾ, ಹರಳು ಮೂತ್ರದ ದಾರಿ ಮುಚ್ಚಿಬಿಟ್ಟಿದೆ. ಗಂಡುಬೆಕ್ಕಿಗೆ ಇದು ಪ್ರಾಣಕ್ಕೇ ಬರುತ್ತೆ. ಉಚ್ಚೆ ಹೊಯ್ದು ಎಷ್ಟು ಹೊತ್ತಾಯ್ತು?" ಎಂದರು. "ಬೆಳಿಗ್ಗೆ ಹೊಯ್ದಿದ್ದ" ಎಂದುಬಿಟ್ಟೆ. ರಕ್ತಪರೀಕ್ಷೆಯ ಚೀಟಿ ಓದಿ ಅವರು ನನ್ನನ್ನೊಮ್ಮೆ ನೋಡಿದರು; ಮೂತ್ರ ಕಟ್ಟಿ ಒಂದು ದಿನವಾದರೂ ಆಗಿದೆ ಎಂದು ಅದರಲ್ಲಿ ಕಂಡಿರಬೇಕು. ಕೊಳವೆ ಹಾಕಿ ಮೂತ್ರ ತೆಗೆದರು. ಈಗ ತಾನಾಗಿಯೇ ಹೊಯ್ಯುತ್ತಾನೆ. ಮೂತ್ರಪಿಂಡಕ್ಕೆ ಎಷ್ಟು ಪೆಟ್ಟು ಬಿದ್ದಿದೆಯೋ ಇನ್ನೂ ಹೇಳಲಾರರಂತೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನನ್ನ ಮೇಲಿನ ಕೋಪಕ್ಕೆ ಊಟ ಬಿಡಬೇಡ. ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ

ಮರೆತಿದ್ದೆ. ಅಲ್ಲ, ಮರೆತಂತೆ ಮಾಡಿದ್ದೆ. "ವೈದ್ಯೆಯ ನಿರ್ಲಕ್ಷ್ಯದಿಂದ ಬೆಕ್ಕು ಸಾಯುವ ಸ್ಥಿತಿಗೆ ಬಂತು" ಎಂದು ಬುಧವಾರ ನಮ್ಮ ಕಟ್ಟಡದ ಸೂಚನಾಫಲಕಕ್ಕೆ ಅಂಟಿಸಿದವಳೂ ನಾನೇ. ಹನ್ನೊಂದು ಮನೆಯವರು ಸಹಿ ಹಾಕಿದರು. ಮೂವರು ತಮ್ಮ ನಾಯಿಗಳನ್ನು ಆ ವೈದ್ಯೆಯ ಬಳಿ ಒಯ್ಯುವುದನ್ನೇ ನಿಲ್ಲಿಸಿದ್ದಾರೆ. ಇಂದು ಅದನ್ನು ಕಿತ್ತೆ, ಸಾಲದು. ಇಪ್ಪತ್ತೆರಡರ ಭಾನುವಾರ ಹತ್ತಕ್ಕೆ ನಿವಾಸಿಗಳ ಸಭೆ, ವೈದ್ಯೆಯನ್ನೂ ಕರೆದಿದ್ದೇನೆ. ನಾನಾಗಿ ಎದ್ದರೆ ಮಾತು ಸುತ್ತಿಬಳಸುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಫೋನ್ ಮಾಡು, ಸ್ಪೀಕರ್ ಹಾಕಿಡುತ್ತೇನೆ. ಎಲ್ಲರಿಗೂ ಕೇಳಿಸುವ ಹಾಗೆ ಕೇಳು: "ಅಮ್ಮಾ, ಬಾಗಿಲು ಹಾಕಿದ್ದು ಯಾರು? ಡಾಕ್ಟರ ಹೆಸರು ಕೆಡಿಸಿದ್ದು ಯಾಕೆ?" ನಾನು ಎದ್ದುನಿಂತು ಉತ್ತರ ಕೊಡುವ ತನಕ ಫೋನ್ ಇಡಬೇಡ.